ಎಂಬತ್ತಾರು ಸಾಮಾನು, ಒಂದೇ ಸಾಲು

ನಮ್ಮ ಮನೆಯಲ್ಲಿ ಆಷಾಢ ಅಂದರೆ ಇಬ್ಬರಿಗೂ ಕೆಲಸವಿಲ್ಲದ ತಿಂಗಳು. ಅಪ್ಪ ಮದುವೆ ಅಡುಗೆ ಮಾಡುವವರು. ನಾನು ದಾವಣಗೆರೆಯ ಮಂಡಿಪೇಟೆ ಹತ್ತಿರ ಒಂದು ಓಣಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನು. ನನ್ನ ಗಲ್ಲಾ ತುಂಬುವುದು ಲಗ್ನಪತ್ರಿಕೆಯಿಂದ. ಅಪ್ಪನ ಒಲೆ ಹೊತ್ತುವುದು ಆ ಪತ್ರಿಕೆಯಲ್ಲಿ ಅಚ್ಚಾದ ದಿನ. ಮದುವೆ ಇಲ್ಲ ಅಂದರೆ ಇಬ್ಬರೂ ಮನೆಯಲ್ಲೇ. ಹೋದ ಆಷಾಢದಲ್ಲಿ ಅವ್ವ ನಾಲ್ಕು ದಿನ ನೋಡಿದಳು. ಐದನೇ ದಿನ, "ಅಪ್ಪ ಮಗ ಕೂಡಿ ಏನಾದ್ರೂ ಮಾಡ್ರಿ, ಮೊದಲು ನನ್ನ ಅಡುಗೆಮನೆಯಿಂದ ಎದ್ದು ಹೋಗ್ರಿ" ಅಂದಳು.

ಅಪ್ಪ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮದುವೆ ಗೊತ್ತಾದ ಮೇಲೆ ಹೆಣ್ಣಿನ ಕಡೆಯವರು ಮನೆಗೆ ಬಂದು ಸಾಮಾನಿನ ಪಟ್ಟಿ ಬರೆಸಿಕೊಂಡು ಹೋಗುತ್ತಾರೆ. ಅಪ್ಪ ಕಣ್ಣು ಮುಚ್ಚಿ ಹೇಳುತ್ತಾರೆ, ನಾನು ಬರೆಯುತ್ತೇನೆ. ಎಂಟನೇ ಕ್ಲಾಸಿನಿಂದ ಇದೇ ನನ್ನ ಡ್ಯೂಟಿ. "ಬರಿ. ಸೋನಾ ಮಸೂರಿ, ಅರವತ್ತು. ಕಡಲೆಬೇಳೆ, ಹದಿನೈದು. ಬೆಲ್ಲ, ಹದಿನೈದು." ಹೀಗೆ ಸಾಗುತ್ತದೆ. ಒಂದು ಪಟ್ಟಿಗೆ ಒಂದೂವರೆ ತಾಸು. ಎರಡು ದಿನ ಬಿಟ್ಟು ಬೀಗರು ಫೋನ್ ಮಾಡಿ "ಜನ ಇನ್ನೂರು ಜಾಸ್ತಿ ಆಗ್ತಾರೆ" ಅಂದರೆ ಮತ್ತೆ ಮೊದಲಿಂದ. ಪ್ರತಿ ಪಟ್ಟಿಯ ನಕಲನ್ನು ಕೆಂಪು ರಟ್ಟಿನ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದೇವೆ. ಹನ್ನೊಂದು ವರ್ಷದ ಮದುವೆಗಳು ಅದರಲ್ಲಿವೆ. ಎಷ್ಟು ಎಲೆ ಅಂತ ಹೇಳಿದರೆ ಸಾಕು, ಪಟ್ಟಿ ತಾನೇ ಬರುವ ಹಾಗೆ ಒಂದು ಪ್ರೋಗ್ರಾಂ ಬರೆದರೆ ಹೇಗೆ ಅನ್ನಿಸಿತು.

ಹಾಗಂತ ನಾನು ಇಂಜಿನಿಯರ್ ಅಲ್ಲ. ನಮ್ಮೂರಲ್ಲಿ ಯು.ಬಿ.ಡಿ.ಟಿ., ಬಿ.ಐ.ಇ.ಟಿ. ಅಂತ ಹೆಸರಾದ ಇಂಜಿನಿಯರಿಂಗ್ ಕಾಲೇಜುಗಳಿವೆ. ಅವುಗಳ ಗೇಟು ದಾಟಿ ನಾನು ಒಳಗೆ ಹೋದದ್ದು ಹುಡುಗರ ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್ ಮಾಡಿ ಕೊಡಲು ಮಾತ್ರ. ಪೈಥಾನ್ ಅನ್ನುವ ಪ್ರೋಗ್ರಾಂ ಬರೆಯುವ ಭಾಷೆ ಕಲಿತದ್ದು ಕೆಲಸದ ಕಾಟಕ್ಕೆ. ಒಬ್ಬ ಗಿರಾಕಿಗೆ ನಾನೂರು ಪತ್ರಿಕೆಯ ಮೇಲೂ ಬೇರೆ ಬೇರೆ ಹೆಸರು ಅಚ್ಚಾಗಬೇಕಿತ್ತು. ಎರಡು ರಾತ್ರಿ ಟೈಪ್ ಮಾಡಿ ಬೆರಳು ಸೋತವು. ಆಮೇಲೆ ಒಬ್ಬ ಕಾಲೇಜು ಹುಡುಗ ಹನ್ನೆರಡು ಸಾಲಿನಲ್ಲಿ ಅದನ್ನು ಮಾಡಿ ತೋರಿಸಿದ. ಹೊಟ್ಟೆ ಉರಿಯಿತು. ಅವತ್ತೇ ಯೂಟ್ಯೂಬ್ ಹಾಕಿಕೊಂಡು ಕೂತೆ. ಪೈಥಾನ್ ಅಂದರೆ ಹೆಬ್ಬಾವು ಅಂತ ತಂಗಿ ಹೇಳಿದಾಗ ಅವ್ವ ಮುಖ ಸಿಂಡರಿಸಿದ್ದಳು. ನಿಜ ಹೇಳಬೇಕೆಂದರೆ ಹಾವಿಗೂ ಇದಕ್ಕೂ ಸಂಬಂಧವಿಲ್ಲ. 1991ರಲ್ಲಿ ಇದನ್ನು ಹೊರತಂದ ಗೈಡೊ ವ್ಯಾನ್ ರೋಸಮ್ ಒಂದು ಬ್ರಿಟಿಷ್ ಹಾಸ್ಯ ತಂಡದ ಹೆಸರು ನೋಡಿ ಇಟ್ಟದ್ದು.

ಮೊದಲ ದಿನ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಅಪ್ಪನನ್ನು ಕೇಳಿದೆ, "ನೂರು ಎಲೆಗೆ ಅಕ್ಕಿ ಎಷ್ಟು?"

"ನೋಡ್ಕೊಂಡು ಹಾಕೋದು."

"ಏನನ್ನ ನೋಡ್ಕೊಂಡು?"

ಅಪ್ಪ ನನ್ನ ಮುಖವನ್ನೇ ನೋಡಿದರು. ಇಪ್ಪತ್ತೆಂಟು ವರ್ಷ ಅಡುಗೆ ಮಾಡಿದ ಮನುಷ್ಯನನ್ನು ಯಾರೂ ಹಾಗೆ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಂದೊಂದಾಗಿ ಬಿಡಿಸಿದರು. ಪಲಾವ್ ಇದ್ದರೆ ಬಿಳಿ ಅನ್ನ ಕಡಿಮೆ ಖರ್ಚು. ಹೋಳಿಗೆ ಇದ್ದರೆ ಇನ್ನೂ ಕಡಿಮೆ. ಬೆಳಿಗ್ಗೆ ಹತ್ತಕ್ಕೇ ಉಪ್ಪಿಟ್ಟು ಕೇಸರಿಬಾತ್ ಹೊಡೆದವರು ಮಧ್ಯಾಹ್ನ ಒಂದಕ್ಕೆ ಅಷ್ಟು ಉಣ್ಣುವುದಿಲ್ಲ. "ಹೊಲದಿಂದ ಬಂದೋರು ಉಣ್ಣೋದೇ ಬೇರೆ, ಬ್ಯಾಂಕಿನೋರು ಉಣ್ಣೋದೇ ಬೇರೆ. ಟ್ರ್ಯಾಕ್ಟರ್‌ನಾಗ ಬಂದ್ರು ಅಂದ್ರೆ ನಾನು ಸಾರಿಗೆ ಒಂದು ಕೊಡ ನೀರು ಮೊದಲೇ ಇಡ್ತೀನಿ."

ಕಣ್ಣಳತೆ ಕಣ್ಣಳತೆ ಅಂತ ಎಲ್ಲರೂ ಹೇಳುತ್ತಿದ್ದೆವು. ಆ ಕಣ್ಣು ಏನು ನೋಡುತ್ತಿತ್ತು ಅಂತ ನನಗೆ ಗೊತ್ತಾದದ್ದು ಅವತ್ತು. ಪ್ರೋಗ್ರಾಂ ಬರೆಯುವವನಿಗೆ "ನೋಡ್ಕೊಂಡು" ಅನ್ನುವ ಮಾತು ನಡೆಯುವುದಿಲ್ಲ. ಯಂತ್ರಕ್ಕೆ ಕಣ್ಣಿಲ್ಲ. ಅದಕ್ಕೆ ಹೇಳಬೇಕೆಂದರೆ ಮೊದಲು ನಾನು ಅಪ್ಪನ ಕಣ್ಣೊಳಗೆ ಹೋಗಿ ಬರಬೇಕು. ಹಾಗೆ ಹದಿನೈದು ದಿನ ಹೋಗಿ ಬಂದೆ. ಅಷ್ಟು ದಿನ ನಾವಿಬ್ಬರೂ ಎದುರುಬದುರು ಕೂತು ಮಾತಾಡಿದ್ದು ನನ್ನ ನೆನಪಿನಲ್ಲಂತೂ ಇಲ್ಲ.

ಬರೆಯಲು ಕೂತಾಗ ಒಂದು ಆಸೆ ಇತ್ತು. ಪ್ರೋಗ್ರಾಂ ಒಳಗೆ ಅಂಕಿಗಳಿಗೆ, ಲೆಕ್ಕಗಳಿಗೆ ಕೊಡುವ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಡಬೇಕು. ಪೈಥಾನ್ 3 ಬಂದಾಗಿನಿಂದ ಅದಕ್ಕೆ ಅವಕಾಶವಿದೆ. ಷರತ್ತು ಹಾಕುವ, ಮತ್ತೆ ಮತ್ತೆ ಮಾಡಿಸುವ ಪದಗಳು ಇಂಗ್ಲಿಷಿನವೇ. ಆದರೆ ನಾವು ಇಡುವ ಹೆಸರು ಯಾವ ಲಿಪಿಯಲ್ಲಾದರೂ ಇರಬಹುದು. ಹಾಗಾಗಿ ನನ್ನ ಪ್ರೋಗ್ರಾಂನಲ್ಲಿ ಎಲೆ, ಪಂಕ್ತಿ, ಬಾಣಲೆ, ಎಷ್ಟು_ಬೇಕು ಅಂತೆಲ್ಲ ಇದೆ. ಇದು ಬರೀ ಭಾಷಾಭಿಮಾನ ಅಲ್ಲ. "ಎಲೆ" ಅಂತ ಬರೆದಾಗ ನನಗೆ ಉಣ್ಣಲು ಕೂತ ಒಬ್ಬ ಮನುಷ್ಯ ಕಾಣುತ್ತಾನೆ. ಅದರ ಬದಲು ಇಂಗ್ಲಿಷಿನ ಒಂದು ಒಣ ಹೆಸರಿಟ್ಟರೆ ಬರೀ ಒಂದು ಸಂಖ್ಯೆ ಕಾಣುತ್ತದೆ. ಹೆಸರು ಸರಿಯಾಗಿ ಬಿದ್ದರೆ ಅರ್ಧ ಯೋಚನೆ ತಾನಾಗಿ ಆಗುತ್ತದೆ ಅನ್ನುವುದು ನನ್ನ ಅನುಭವ. ಒಂದು ಹೆಸರಿಗಾಗಿ ಅರ್ಧ ದಿನ ಕಳೆದದ್ದೂ ಇದೆ. ಅಂಥ ಅರ್ಧ ದಿನಗಳು ವ್ಯರ್ಥ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಈ ಆಸೆಗೆ ದಂಡವನ್ನೂ ಕಟ್ಟಿದೆ. "ಟಿನ್‌ಗಳು" ಅಂತ ಒಂದು ಹೆಸರಿಟ್ಟಿದ್ದೆ. ಓಡಿಸಿದರೆ, ಈ ಸಾಲಿನಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಅದು ಸಲ್ಲದು ಅಂತ ತಕರಾರು. ಕಣ್ಣಿಗೆ ಕಾಣದ್ದನ್ನು ಎಲ್ಲಿ ಅಂತ ಹುಡುಕುವುದು? ಎರಡು ರಾತ್ರಿ ಆ ಸಾಲನ್ನೇ ನೋಡಿದೆ. ಪರದೆ ಒರೆಸಿಯೂ ನೋಡಿದೆ, ನಗಬೇಡಿ. ಕೊನೆಗೆ ಗೊತ್ತಾಯಿತು. "ನ್" ಮತ್ತು "ಗ" ಎರಡೂ ಅಂಟಿಕೊಂಡು ಒತ್ತಕ್ಷರ ಆಗದಿರಲಿ ಅಂತ ನಡುವೆ ಒಂದು ಅಗಲವೇ ಇಲ್ಲದ ಗುರುತು ಹಾಕುತ್ತೇವೆ. ಬೆರಳಿಗೆ ಅಭ್ಯಾಸವಾಗಿ ನಾನು ಅದನ್ನು ಹಾಕಿದ್ದೇ ಮರೆತಿದ್ದೆ. ಹತ್ತು ವರ್ಷ ಕನ್ನಡ ಟೈಪ್ ಮಾಡಿ ಹೊಟ್ಟೆ ಹೊರೆದವನು ನಾನು. ಆ ಗುರುತಿನ ಮುಖಾಮುಖಿ ಆದದ್ದು ಆ ರಾತ್ರಿಯೇ. ಹೆಸರನ್ನು "ಟಿನ್ನು" ಮಾಡಿದೆ. ಓಡಿತು.

ಟೈಪಿಂಗಿನ ಮಾತು ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಪಟ್ಟಿಯಲ್ಲಿ ಸಾಮಾನಿನ ಹೆಸರು ಎಡಕ್ಕೆ, ತೂಕ ಬಲಕ್ಕೆ, ಸಾಲಾಗಿ ಬರಬೇಕಿತ್ತು. ಹೆಸರಿನಲ್ಲಿ ಎಷ್ಟು ಅಕ್ಷರ ಇವೆ ಅಂತ ಎಣಿಸಿ, ಉಳಿದ ಜಾಗ ಖಾಲಿ ಬಿಡು ಅಂತ ಬರೆದೆ. ಬಂದ ಪಟ್ಟಿ ಕುಡಿದವನ ನಡಿಗೆಯ ಹಾಗೆ ಸೊಟ್ಟ ಸೊಟ್ಟ. "ಅಕ್ಕಿ"ಯಲ್ಲಿ ಎಷ್ಟು ಅಕ್ಷರ ಅಂತ ಕೇಳಿದರೆ ಪೈಥಾನ್ ಐದು ಅನ್ನುತ್ತಿತ್ತು! ನೋಡಿದರೆ ಎರಡೇ ಅಲ್ವಾ? ತಲೆ ಕೆರೆದುಕೊಂಡು, ಸುಮ್ನೆ ಟೈಪ್ ಮಾಡಿ ನೋಡಿದೆ. ಕನ್ನಡ ಗಣಕ ಪರಿಷತ್ತಿನ "ನುಡಿ" ತಂತ್ರಾಂಶದಲ್ಲಿ ನಾವು ಬಳಸುವ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ಅದರಲ್ಲಿ "ಅಕ್ಕಿ"ಗೆ ಎಷ್ಟು ಕೀ? ಅ, ಕ, ಒತ್ತಿಗೊಂದು ಎಫ್, ಮತ್ತೆ ಕ, ಆಮೇಲೆ ಇ. ಐದು! ಕಂಪ್ಯೂಟರಿಗಾಗಿ ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರು ಕೊಡುವ ಯೂನಿಕೋಡಿನಲ್ಲೂ ಕನ್ನಡವನ್ನು ಹೀಗೇ ಬಿಡಿ ಬಿಡಿಯಾಗಿ ಇಟ್ಟಿದ್ದಾರೆ. ಒಂದೊಂದಕ್ಕೂ ಒಂದು ನಂಬರು. ಅ ಅಂದರೆ 3205, ಕ ಅಂದರೆ 3221. ಯಂತ್ರ ಎಣಿಸುತ್ತಿದ್ದದ್ದು ನನ್ನ ಕಣ್ಣಿನ ಲೆಕ್ಕವನ್ನಲ್ಲ, ನನ್ನ ಬೆರಳಿನ ಲೆಕ್ಕವನ್ನು. ಇಷ್ಟು ವರ್ಷ ನನ್ನ ಬೆರಳಿಗೆ ಗೊತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಒಬ್ಬನೇ ಕೂತು ನಕ್ಕೆ.

ಸೊಟ್ಟ ಪಟ್ಟಿಗೆ ದೊಡ್ಡ ಮದ್ದೇನೂ ಹುಡುಕಲಿಲ್ಲ. ತೂಕವನ್ನು ಎಡಕ್ಕೆ ತಂದು ಹೆಸರನ್ನು ಆಮೇಲೆ ಹಾಕಿದೆ. ಅಂಕಿಗಳೆಲ್ಲ ಒಂದೇ ಅಗಲ, ಸಾಲು ತಾನೇ ನೆಟ್ಟಗಾಯಿತು.

ಅಪ್ಪನಿಗೆ ತೋರಿಸಿದ ಮೊದಲ ಪಟ್ಟಿಯಲ್ಲಿ "0.30000000000000004 ಕೆಜಿ ಏಲಕ್ಕಿ" ಅಂತ ಬಂದಿತ್ತು. ಹೋಳಿಗೆಗೆ 0.2, ಪಾಯಸಕ್ಕೆ 0.1, ಕೂಡಿಸು ಅಂದಿದ್ದೆ. ಅಪ್ಪ ಕನ್ನಡಕ ಏರಿಸಿ ಓದಿದರು. "ಆ ಕೊನೇ ನಾಲ್ಕನ್ನ ಯಾವ ತಕ್ಕಡ್ಯಾಗ ತೂಗಿಸಿಕೊಂಡು ಬರ್ಲಿ?" ಕಂಪ್ಯೂಟರ್ ಲೆಕ್ಕ ಮಾಡುವುದು ಎರಡರ ಆಧಾರದಲ್ಲಿ. ಮೂರರಲ್ಲಿ ಒಂದು ಭಾಗವನ್ನು ನಾವು 0.333 ಅಂತ ಬರೆಯುತ್ತಾ ಹೋದರೂ ಹೇಗೆ ಮುಗಿಯುವುದಿಲ್ಲವೋ, ಅದಕ್ಕೆ ಹತ್ತರಲ್ಲಿ ಒಂದು ಭಾಗವೂ ಹಾಗೇ. ಎಲ್ಲೋ ಒಂದು ಕಡೆ ಕತ್ತರಿಸಬೇಕು. ಆ ಕತ್ತರಿಸಿದ ಚೂರು ಹೀಗೆ ಬಾಲದಲ್ಲಿ ಕಾಣಿಸುತ್ತದೆ. ಅಪ್ಪನೇ ದಾರಿ ಹೇಳಿದರು. "ಏಲಕ್ಕಿನ ಯಾರಾದ್ರೂ ಕೆಜಿ ಲೆಕ್ಕದಾಗ ಕೇಳ್ತಾರೇನಲೇ? ಗ್ರಾಂ ಅನ್ನು." ಎಲ್ಲವನ್ನೂ ಗ್ರಾಂ ಮಾಡಿದೆ. ಪಾಯಿಂಟೇ ಇಲ್ಲ, ಬಾಲವೂ ಇಲ್ಲ. ದೊಡ್ಡ ದೊಡ್ಡ ಕಂಪನಿಗಳಲ್ಲೂ ದುಡ್ಡಿನ ಲೆಕ್ಕವನ್ನು ಎಷ್ಟೋ ಕಡೆ ಪೈಸೆಯಲ್ಲಿ ಇಡುವುದು ಇದಕ್ಕೇ ಅಂತ ಆಮೇಲೆ ಓದಿದೆ.

ಇಷ್ಟು ಹೊತ್ತಿಗೆ ಪ್ರೋಗ್ರಾಂ ಒಂಬೈನೂರು ಸಾಲು ದಾಟಿತ್ತು. ಪಟ್ಟಿಯಲ್ಲಿ ಒಟ್ಟು 86 ಸಾಮಾನು. ಪ್ರತಿಯೊಂದಕ್ಕೂ ಅದರದ್ದೇ ಷರತ್ತು. ಇಷ್ಟು ಎಲೆಯವರೆಗೆ ಇಷ್ಟು, ಅದಕ್ಕಿಂತ ಜಾಸ್ತಿ ಆದರೆ ಅಷ್ಟು. ನೋಡಿದರೆ ತಲೆ ಸುತ್ತುತ್ತಿತ್ತು. ಓಡುತ್ತೇನೋ ಓಡುತ್ತಿತ್ತು. ಆದರೆ ಹಳೆ ಮದುವೆಗಳ ಪಟ್ಟಿ ತೆಗೆದು ಹೋಲಿಸಿದರೆ ಅಕ್ಕಿ, ಬೇಳೆ, ಬೆಲ್ಲ ಮಾತ್ರ ಸರಿ ಬರುತ್ತಿದ್ದವು. ಕಿಲೋ ಬೇಳೆಗೆ ನಲವತ್ತು ಹೋಳಿಗೆ ಅನ್ನುವುದು ಎಷ್ಟು ಜನಕ್ಕಾದರೂ ನಲವತ್ತೇ. ಉಳಿದವು ಒಂದಲ್ಲ ಒಂದು ಕಡೆ ತಪ್ಪುತ್ತಿದ್ದವು. ಎಲ್ಲಕ್ಕಿಂತ ಕೆಟ್ಟದ್ದು ಕರಿಯುವ ಎಣ್ಣೆ. ಒಗ್ಗರಣೆ ಎಣ್ಣೆಯ ಲೆಕ್ಕ ಬೇರೆ, ಇದು ಬಜ್ಜಿ ಬೂಂದಿಗೆ. ಇನ್ನೂರು ಎಲೆಯ ಮದುವೆಗೆ 15 ಕೆಜಿ, ಅಂದರೆ ಸರಿಯಾಗಿ ಒಂದು ಟಿನ್ ಅಂತ ನೋಟ್‌ಬುಕ್ಕಿನಲ್ಲಿತ್ತು. ಅದನ್ನೇ ಹಿಡಿದು ಲೆಕ್ಕ ಹಾಕಿದರೆ ಸಾವಿರ ಎಲೆಗೆ 75 ಕೆಜಿ. ನೋಟ್‌ಬುಕ್ಕಿನಲ್ಲಿ ಸಾವಿರ ಎಲೆಗೆ ಅಪ್ಪ ಬರೆಸಿದ್ದು 35.

ಸಂಜೆ ಹೊತ್ತು. ಅಪ್ಪ ಪಕ್ಕದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂತಿದ್ದರು.

"ಸಾವಿರ ಎಲೆಗೆ ಎಪ್ಪತ್ತೈದು ಕೆಜಿ ಎಣ್ಣೆ ಬರ್ತಿದೆ" ಅಂದೆ.

"ಅಷ್ಟರಾಗ ಈಜಬಹುದು."

"ಇನ್ನೂರಕ್ಕೆ ಹದಿನೈದು ಅಂದ್ರೆ ಸಾವಿರಕ್ಕೆ ಎಪ್ಪತ್ತೈದೇ ಅಲ್ವಾ?"

"ಇನ್ನೂರಕ್ಕೂ ಬಾಣಲೆ ತುಂಬಬೇಕಲ್ಲಪ್ಪ. ಬಾಣಲಿಗೆ ಏನು ಗೊತ್ತು, ಎಷ್ಟು ಜನ ಬಂದಾರೆ ಅಂತ? ಒಂದು ಬಜ್ಜಿ ಬಿಟ್ರೂ ಹತ್ತು ಕೆಜಿ ಸುರೀಲೇಬೇಕು. ಆಮೇಲೆ ಬಜ್ಜಿ ಎಷ್ಟು ಕುಡೀತದೋ ಅಷ್ಟು ಹಾಕ್ತಾ ಹೋಗೋದು."

ಹೀಗೆ ಹೇಳಿ ಅಪ್ಪ ಮೆಣಸಿನಕಾಯಿಯ ತೊಟ್ಟು ಬದಿಗಿಟ್ಟು ಇನ್ನೊಂದಕ್ಕೆ ಕೈ ಹಾಕಿದರು. ನಾನು ಪೇಪರ್ ತೆಗೆದುಕೊಂಡೆ. ಹದಿನೈದರಲ್ಲಿ ಬಾಣಲೆಯ ಹತ್ತು ತೆಗೆದರೆ ಐದು ಕೆಜಿ. ಇನ್ನೂರು ಎಲೆಗೆ ಐದು ಕೆಜಿ ಅಂದರೆ ಎಲೆಗೆ 25 ಗ್ರಾಂ. ಸಾವಿರ ಎಲೆಗೆ 25 ಕೆಜಿ. ಬಾಣಲೆಯ ಹತ್ತು ಕೂಡಿಸಿದರೆ 35!

ನಾನೂರರ ಮದುವೆ ತೆಗೆದೆ. ಇಪ್ಪತ್ತು ಬರಬೇಕು. ನೋಟ್‌ಬುಕ್ಕಿನಲ್ಲಿ ಇಪ್ಪತ್ತೇ ಇತ್ತು. ಆರುನೂರರದ್ದು ತೆಗೆದೆ. ಇಪ್ಪತ್ತೈದು. ಇತ್ತು. ಸಾವಿರದ ಇನ್ನೂರಕ್ಕೆ ಮಾತ್ರ ಹತ್ತು ಕೆಜಿ ವ್ಯತ್ಯಾಸ ಬಂತು. ಕೇಳಿದರೆ, "ಸಾವಿರ ದಾಟಿದ್ರೆ ಎರಡನೇ ಬಾಣಲಿ ಇಡ್ತೀವಿ" ಅಂದರು. ಹೌದಲ್ಲ!

ಅಪ್ಪ ಈ ಲೆಕ್ಕವನ್ನು ಎಲ್ಲೂ ಬರೆದಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ಆದರೆ ಹನ್ನೊಂದು ವರ್ಷ ಅದರ ಪ್ರಕಾರವೇ ನಡೆದಿದ್ದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಮತ್ತೆ ನೋಟ್‌ಬುಕ್ ತೆಗೆದೆ. ಬಾಣಲೆ ಎಣ್ಣೆಗೆ ಮಾತ್ರ ಇದೆಯೋ, ಬೇರೆಯದಕ್ಕೂ ಇದೆಯೋ? ಗ್ಯಾಸ್ ನೋಡಿದೆ. ಒಲೆಗಳು ಕಾಯಲು ಇಷ್ಟು, ಆಮೇಲೆ ಎಲೆಗೆ ಇಷ್ಟು. ಅದಕ್ಕೂ ಒಂದು ಬಾಣಲೆ ಇದೆ. ಕೊನೆಯಲ್ಲಿ 19 ಕೆಜಿಯ ಸಿಲಿಂಡರ್ ಲೆಕ್ಕಕ್ಕೆ ಮೇಲಕ್ಕೆ ಏರಿಸಿದರೆ ಆಯಿತು, ಕಾಲು ಸಿಲಿಂಡರ್ ಯಾರೂ ಕೊಡುವುದಿಲ್ಲ. ಖಾರದಪುಡಿ? ಐದು ಪಟ್ಟು ಜನಕ್ಕೆ ಐದು ಪಟ್ಟು ಖಾರ ಹಾಕಿದರೆ ಉಂಡವರು ಎದ್ದು ಓಡಬೇಕು. ಅದಕ್ಕೂ ಬಾಣಲೆ ಇದೆ. ಕೆಲಸದ ಆಳು? ಎಷ್ಟೇ ಸಣ್ಣ ಮದುವೆಯಾದರೂ ಮೂವರು ಬೇಕೇ ಬೇಕು, ಆಮೇಲೆ ನೂರಕ್ಕೆ ಒಬ್ಬರು. ಬಾಣಲೆ!

ಬೆಳಗಿನ ಜಾವಕ್ಕೆ 86 ಸಾಮಾನನ್ನೂ ಮೂರು ಗುಂಪು ಮಾಡಿದ್ದೆ. ಅಕ್ಕಿ, ಬೇಳೆ, ಹಪ್ಪಳದಂಥವು ಎಲೆಯ ಜೊತೆ ಬೆಳೆಯುತ್ತವೆ. ಎಣ್ಣೆ, ಗ್ಯಾಸಿನಂಥವಕ್ಕೆ ಮೊದಲು ಒಂದು ಬಾಣಲೆ ತುಂಬಬೇಕು, ಆಮೇಲೆ ಬೆಳೆಯುತ್ತವೆ. ಬೆಂಕಿಪೊಟ್ಟಣ, ಅರಿಶಿನ, ಒಲೆ ಪೂಜೆಯ ಕಾಯಿ ಕರ್ಪೂರದಂಥವು ಎಷ್ಟೇ ಜನ ಬರಲಿ, ಜಗ್ಗುವುದಿಲ್ಲ. ಉಪ್ಪನ್ನೂ ಈ ಗುಂಪಿಗೇ ಹಾಕಿದೆ. ಅಪ್ಪ ಉಪ್ಪಿನ ವಿಷಯದಲ್ಲಿ ಬಹಳ ಬಿಗಿ. "ಪಟ್ಟಿಗೆ ಎರಡು ಚೀಲ ಅಂತ ಬರಿ, ಹಾಕೋದು ನನ್ನ ಕೈ" ಅಂತ ಮೊದಲೇ ಹೇಳಿದ್ದರು.

ಮೂರು ಗುಂಪಿಗೆ ಮೂರು ಸಾಲು ಬರೆದೆ. ಬರೆದು ನೋಡುತ್ತಾ ಕೂತಿದ್ದಾಗ ಇನ್ನೊಂದು ಹೊಳೆಯಿತು. ಮೂರು ಬೇಕಿಲ್ಲ.

ಬೇಕಾದದ್ದು = ಮೊದಲು + ತಲಾ * ಎಲೆ

ಅಷ್ಟೇ. ಅಕ್ಕಿಗೆ "ಮೊದಲು" ಸೊನ್ನೆ. ಉಪ್ಪಿಗೆ "ತಲಾ" ಸೊನ್ನೆ. ಎಣ್ಣೆಗೆ ಎರಡೂ ಇದೆ. ಎರಡನೇ ಬಾಣಲೆಗೆ ಇನ್ನೊಂದು ಅರ್ಧ ಸಾಲು. ಒಂಬೈನೂರು ಸಾಲಿನಲ್ಲಿ ಷರತ್ತುಗಳನ್ನೆಲ್ಲ ಅಳಿಸಿದೆ. ಅಳಿಸುವಾಗ ಭಯವಾಗಲಿಲ್ಲ. ಮೊದಲು ನಾನು ಪತ್ರಿಕೆಯ ಪ್ರೂಫ್ ಇಡುವ ಹಾಗೇ ಪ್ರೋಗ್ರಾಂನ ನಕಲನ್ನೂ ಫೈನಲ್, ಫೈನಲ್ 2, ಲಾಸ್ಟ್ ಫೈನಲ್ ಅಂತ ಇಡುತ್ತಿದ್ದೆ. ಆಮೇಲೆ ಗಿಟ್ ಕಲಿತೆ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ತನ್ನ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಕೆಲಸಕ್ಕಾಗಿ ಬರೆದದ್ದು ಅದು. ಯಾವ ದಿನ ಏನು ಬರೆದಿದ್ದೆ ಅನ್ನುವುದೆಲ್ಲ ಅದರಲ್ಲಿ ಇರುತ್ತದೆ, ಬೇಕಾದಾಗ ಹಿಂದಕ್ಕೆ ಹೋಗಬಹುದು. ಅಳಿಸಿ ಮುಗಿಸಿದಾಗ ಉಳಿದದ್ದು 86 ಸಾಮಾನಿನ ಒಂದು ಕೋಷ್ಟಕ ಸೇರಿ ನೂರ ಎಪ್ಪತ್ತು ಸಾಲು.

ಮಾಳಿಗೆ ಮೇಲೆ ಹೋಗಿ ನಿಂತೆ. ಸ್ಟೇಷನ್ ಕಡೆಯಿಂದ ಯಾವುದೋ ರೈಲಿನ ಕೂಗು ಕೇಳುತ್ತಿತ್ತು. ನನಗೆ ಆದ ಖುಷಿಗೆ ಹೋಲಿಕೆ ಕೊಡಲು ಬರುವುದಿಲ್ಲ. ದುಡ್ಡು ಬಂದಾಗಿನ ಖುಷಿ ಗೊತ್ತು, ಇದು ಅದಲ್ಲ. ಚೆಂದದ ಪತ್ರಿಕೆ ವಿನ್ಯಾಸ ಮಾಡಿದಾಗಲೂ ಖುಷಿಯಾಗುತ್ತದೆ. ಆದರೆ ಪತ್ರಿಕೆಯಲ್ಲಿ ನಾನು ಬರೆದದ್ದು ಬರೆದ ಹಾಗೆ ಕೂತಿರುತ್ತದೆ. "ತಾವು ಸಕುಟುಂಬ ಸಮೇತರಾಗಿ ಆಗಮಿಸಿ" ಅಂತ ಹತ್ತು ಸಾವಿರ ಸಲ ಬರೆದಿದ್ದೇನೆ, ಆ ಸಾಲು ಯಾರನ್ನೂ ಕೈ ಹಿಡಿದು ಕರೆತಂದಿಲ್ಲ. ಇಲ್ಲಿ ಬರೆದ ಸಾಲು ಎದ್ದು ನಡೆಯುತ್ತದೆ. ನುಡಿದಂತೆ ನಡೆ ಅಂತ ನಮ್ಮ ಕಡೆ ಮಠದ ಅಯ್ಯನವರಿಂದ ಹಿಡಿದು ಶಾಲೆ ಮೇಷ್ಟ್ರವರೆಗೆ ಎಲ್ಲರೂ ಹೇಳುತ್ತಾರೆ. ಮನುಷ್ಯರಲ್ಲಿ ನಾನು ಅದನ್ನು ಕಂಡದ್ದು ಕಡಿಮೆ. ಇದು ಮಾತ್ರ ನುಡಿದಂತೆಯೇ ನಡೆಯುತ್ತದೆ, ತಪ್ಪು ನುಡಿದರೆ ತಪ್ಪಾಗಿಯೇ ನಡೆದು ತೋರಿಸುತ್ತದೆ. ನನ್ನ ತಪ್ಪಿಗೆ ಇಷ್ಟು ಪ್ರಾಮಾಣಿಕವಾಗಿ ಕನ್ನಡಿ ಹಿಡಿದವರು ಬೇರೆ ಯಾರೂ ಇಲ್ಲ.

ಎಲ್ಲ ಕೆಲಸವೂ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. ಪ್ರಿಂಟ್ ತೆಗೆದಾಗ ಅಂಚು ಕತ್ತರಿಸಿ ಹೋಗದ ಹಾಗೆ ಮಾಡಲು ಒಂದು ವಾರ ಹೋಯಿತು. ಅದರಲ್ಲಿ ಯಾವ ಸುಖವೂ ಇರಲಿಲ್ಲ. ಗೆಳೆಯನೊಬ್ಬ "ಎಐಗೆ ಹೇಳಿದ್ರೆ ಎರಡು ನಿಮಿಷದಲ್ಲಿ ಬರೆದುಕೊಡುತ್ತೆ" ಅಂದ. ಕೊಟ್ಟೆ, ಬರೆದುಕೊಟ್ಟಿತು, ಅಂಚಿನ ಕೆಲಸ ಅದಕ್ಕೆ ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ. ಎಣ್ಣೆಯ ಲೆಕ್ಕವನ್ನೂ ಕೇಳಿ ನೋಡಿದೆ. ಇನ್ನೂರಕ್ಕೆ ಹದಿನೈದಾದರೆ ಸಾವಿರಕ್ಕೆ ಎಪ್ಪತ್ತೈದು ಅಂತಲೇ ಹೇಳಿತು. ಪಾಪ, ಅದರದ್ದೇನೂ ತಪ್ಪಿಲ್ಲ. ನಾನೂ ಮೊದಲು ಹಾಗೇ ಹೇಳಿದ್ದೆನಲ್ಲ. ಮಂಡಕ್ಕಿ ತಿನ್ನುತ್ತಾ ಪಕ್ಕದಲ್ಲಿ ಕೂರಲು ಅದಕ್ಕೆ ಅಪ್ಪ ಇರಲಿಲ್ಲ.

ಸೋತದ್ದೂ ಇದೆ. ಎಷ್ಟು ಎಲೆ ಬೀಳುತ್ತದೆ ಅನ್ನುವುದನ್ನೂ ಪ್ರೋಗ್ರಾಂ ಹೇಳಬೇಕು ಅಂತ ಹಟ ಹಿಡಿದೆ. ಎಷ್ಟು ಪತ್ರಿಕೆ ಅಚ್ಚಾಯಿತು ಅನ್ನುವುದು ನನ್ನ ಅಂಗಡಿಯ ಬಿಲ್ಲಿನಲ್ಲಿ ಇದೆ, ಎಷ್ಟು ಜನ ಉಂಡರು ಅನ್ನುವುದು ಅಪ್ಪನ ನೋಟ್‌ಬುಕ್ಕಿನಲ್ಲಿ ಇದೆ. ನನ್ನ ಪತ್ರಿಕೆ, ಅಪ್ಪನ ಅಡುಗೆ ಎರಡೂ ಇದ್ದ 31 ಮದುವೆ ಸಿಕ್ಕವು. ಪತ್ರಿಕೆಗೆ ಒಂದೂವರೆ ಎಲೆಯಿಂದ ನಾಲ್ಕು ಎಲೆಯವರೆಗೆ ಬಂತು. ಅಪ್ಪ ಕ್ಯಾಲೆಂಡರ್ ನೋಡಿ, ಅದೇ ಮುಹೂರ್ತಕ್ಕೆ ಊರಲ್ಲಿ ಇನ್ನೆಷ್ಟು ಮದುವೆ ಇವೆ ಅಂತ ವಿಚಾರಿಸಿ, ಬೀಗರ ಊರಿಗೆ ಬಸ್ ಎಷ್ಟು ಹೊತ್ತಿಗೆ ಅಂತ ಕೇಳಿ, ಒಂದು ಅಂಕಿ ಹೇಳುತ್ತಾರೆ. ಇಪ್ಪತ್ತು ಮೂವತ್ತು ಎಲೆ ಆಚೆ ಈಚೆ, ಅಷ್ಟೇ. ಮೂರು ವಾರ ಗುದ್ದಾಡಿ ಕೈಬಿಟ್ಟೆ. ಈಗ ಪ್ರೋಗ್ರಾಂ ಶುರುವಾದ ಕೂಡಲೇ "ಎಷ್ಟು ಎಲೆ?" ಅಂತ ಕೇಳುತ್ತದೆ. ಉತ್ತರ ಅಪ್ಪ ಹೇಳುತ್ತಾರೆ. ಈ ಏರ್ಪಾಟು ಇಬ್ಬರಿಗೂ ಹಿಡಿಸಿದೆ.

ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ಹೆಮ್ಮೆಯಿಂದ ಕೊಟ್ಟಾಗಲೂ ಅಪ್ಪ ತಲೆ ಆಡಿಸಲಿಲ್ಲ. "ಅಕ್ಕಿ ಆದ್ಮೇಲೆ ಅರಿಶಿನ, ಅದಾದ್ಮೇಲೆ ಆಲೂಗಡ್ಡೆ. ನಾನೇನು ಕಿರಾಣಿ ಅಂಗಡಿಯಿಂದ ತರಕಾರಿ ಮಾರ್ಕೆಟ್ಟಿಗೆ ಹೋಗಿ ಮತ್ತೆ ಕಿರಾಣಿ ಅಂಗಡಿಗೆ ಬರ್ಲೇನು?" ಈಗ ಅದು ಅಪ್ಪ ನಡೆಯುವ ದಾರಿಯ ಪ್ರಕಾರ ಬರುತ್ತದೆ. ಮೊದಲು ಕಿರಾಣಿ, ಆಮೇಲೆ ಹಿಟ್ಟಿನ ಗಿರಣಿ, ಆಮೇಲೆ ತರಕಾರಿ, ಕೊನೆಗೆ ಹಾಲು ಮೊಸರು.

ಶ್ರಾವಣದಲ್ಲಿ ಮೊದಲ ಮದುವೆ ಬಂತು. ಪಿ.ಬಿ. ರಸ್ತೆಯ ಒಂದು ಕಲ್ಯಾಣ ಮಂಟಪ, 650 ಎಲೆ. ಪಟ್ಟಿಯನ್ನು ಹಾಳಾದ ಲಗ್ನಪತ್ರಿಕೆಯ ಹಿಂಬದಿಗೆ ಪ್ರಿಂಟ್ ಹೊಡೆದು ಕೊಟ್ಟೆ. ಬೀಗರು ಬಂದು ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಅಪ್ಪ ಪಟ್ಟಿಯನ್ನು ಎರಡು ಸಲ ಓದಿದರು. ಪೆನ್ಸಿಲ್ ತೆಗೆದು ಒಂದು ಕಡೆ ಮಾತ್ರ ತಿದ್ದಿದರು. ಬೆಲ್ಲಕ್ಕೆ ಒಂದು ಕೆಜಿ ಜಾಸ್ತಿ. "ಈ ಸಲದ ಬೆಲ್ಲ ಸಪ್ಪೆ ಐತಿ" ಅಂದರು. ಹೊಗಳಲಿಲ್ಲ. ಆದರೆ ಹೋಳಿಗೆ ತಟ್ಟಲು ಬರುವ ಅಕ್ಕಂದಿರ ಹತ್ತಿರ "ನಮ್ಮ ಹುಡುಗ ಮಾಡ್ಯಾನ" ಅಂತ ಪಟ್ಟಿ ತೋರಿಸಿದರಂತೆ. ಅವ್ವ ಹೇಳಿದಳು.

ಮದುವೆ ದಿನ ಬೆಳಗಿನ ಜಾವ ನಾಲ್ಕಕ್ಕೆ ಫೋನ್.

"ಲೇ, ಬಾಳೆಎಲೆ ಎಲ್ಲಿ?"

ನಿದ್ದೆಗಣ್ಣಲ್ಲಿ ಅರ್ಥವಾಗಲಿಲ್ಲ. "ಯಾವ ಬಾಳೆಎಲೆ?"

"ಉಣ್ಣಾಕ ಹಾಕೋ ಎಲೆ. ಪಟ್ಟ್ಯಾಗ ಇಲ್ಲ. ಎಲ್ಲಾ ಪಟ್ಟ್ಯಾಗ ಇರ್ತದೆ, ನೀನು ಏನೂ ನೆನಪಿಟ್ಕೋಬೇಡ ಅಂತ ನೀನೇ ಅಲ್ವಾ ಹೇಳಿದ್ದು?"

ಎದ್ದು ಕೂತೆ. ಎಲೆಯನ್ನು ಅಪ್ಪ ಯಾವಾಗಲೂ ಎಲೆ ಮಾರುವವರಿಗೆ ಬಾಯಲ್ಲೇ ಹೇಳಿಬಿಡುತ್ತಿದ್ದರು. ಅದು ನೋಟ್‌ಬುಕ್ಕಿಗೆ ಒಂದು ದಿನವೂ ಬಂದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಇಲ್ಲದ್ದು ನನ್ನ ಕೋಷ್ಟಕದಲ್ಲೂ ಇಲ್ಲ. ನೂರ ಎಪ್ಪತ್ತು ಸಾಲಿನಲ್ಲಿ ಎಲೆ, ಎಲೆ, ಎಲೆ ಅಂತ ಎಷ್ಟು ಸಲ ಬರೆದಿದ್ದೆ. ಪಟ್ಟಿಯಲ್ಲಿ ಎಲೆಯೇ ಇಲ್ಲ!

ಗಾಡಿ ತೆಗೆದುಕೊಂಡು ಮಾರ್ಕೆಟ್ಟಿಗೆ ಓಡಿದೆ. ಕತ್ತಲಲ್ಲೇ ಲಾರಿಯಿಂದ ಎಲೆ ಇಳಿಸುತ್ತಿದ್ದರು. ಎರಡು ಕಡೆ ಹುಡುಕಿ ನಾನೂರು ಎಲೆ ಸಿಕ್ಕವು. ಉಳಿದದ್ದಕ್ಕೆ ಅಡಿಕೆ ಹಾಳೆಯ ತಟ್ಟೆ ತಂದೆವು. ಕೊನೆಯ ಪಂಕ್ತಿಯವರು ಅದರಲ್ಲಿ ಉಂಡರು, ಯಾರೂ ಏನೂ ಅನ್ನಲಿಲ್ಲ. ಅಪ್ಪ ಮಾತ್ರ ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಸಂಜೆ ಅಂಗಡಿಯ ಶಟರ್ ಎತ್ತಿ ಕೋಷ್ಟಕ ತೆಗೆದೆ. 87ನೇ ಸಾಮಾನು. ಬಾಳೆಎಲೆ, ಮೊದಲು 0, ತಲಾ 1. ಅಪ್ಪ ಪಾತ್ರೆ ಇಳಿಸಿ ಆಟೋದಲ್ಲಿ ಮನೆಗೆ ಹೋಗುವವರು ಅಂಗಡಿ ಮುಂದೆ ನಿಲ್ಲಿಸಿದರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಎರಡು ಹೋಳಿಗೆ. ಪರದೆಯ ಕಡೆ ಬಗ್ಗಿ ನೋಡಿದರು.

"ಎಲೆಗೆ ಒಂದೇ ಎಲೆ ಬರಿಬ್ಯಾಡ. ಕಟ್ಟಿನಾಗ ಹರಿದವು ಇರ್ತಾವೆ. ನೂರಕ್ಕೆ ಹತ್ತು ಜಾಸ್ತಿ ಹಿಡಿ."

ತಲಾ 1.1 ಅಂತ ಬರೆಯಲು ಹೋದೆ. ಏಲಕ್ಕಿಯ ಬಾಲ ನೆನಪಾಯಿತು. ಅಳಿಸಿ, ನೂರಕ್ಕೆ 110 ಅಂತ ಬರೆದೆ. 650 ಕೊಟ್ಟು ಓಡಿಸಿದೆ. 715 ಅಂತ ಬಂತು.

"ಸಾಕಾ?" ಅಂದೆ.

ಅಪ್ಪ ಹೋಳಿಗೆ ನನ್ನ ಕೈಗಿಟ್ಟು, "ಮೊದಲು ತಿನ್ನು, ಆರ್ತದೆ" ಅಂದರು.